ಮನೆಯವರ ‘ಚಾವಡಿ’ ಚಾಟ್ ಗುಂಪಿಗೆ ಬಂದ ಕಪ್ಪು ಮೀನು

ಅಣ್ಣ: (ಫೋಟೊ) ನಮ್ಮ ಚಾವಡಿಯ ಉಪ್ಪುನೀರಿನ ಮೀನು ತೊಟ್ಟಿಗೆ ಹೊಸ ಅತಿಥಿ. ನಿನ್ನೆ ಸಂಜೆ ಹೊರಡುವ ಅವಸರದಲ್ಲಿ ಬಿಟ್ಟು ಬಂದೆ. ಮೈಯೆಲ್ಲ ಕಪ್ಪು, ಎರಡು ಬದಿಗೆ ಒಂದೊಂದು ಬಿಳಿ ಚುಕ್ಕೆ, ಹಣೆಯ ಮೇಲೊಂದು.

ಅತ್ತಿಗೆ: ಬೊಟ್ಟಿಟ್ಟುಕೊಂಡು ಬಂದಿದೆ!

ದುಬೈ ಚಿಕ್ಕಪ್ಪ: ಚಂದ ಇದೆ.

ನಾನು: ಚಂದವೇನೋ ಹೌದು. ಆದರೆ ಅಣ್ಣ, ಒಂದು ಮಾತು ಕೇಳಬಾರದಿತ್ತೇ? ಇದು ಡಾಮಿನೋ ಡ್ಯಾಮ್ಸೆಲ್, ಜಾಗಕ್ಕಾಗಿ ಉಳಿದ ಮೀನುಗಳ ಮೇಲೆ ಬೀಳುವ ಜಾತಿ. ಬೆಳಿಗ್ಗೆಯಿಂದ ನಮ್ಮ ಸಾಧು ಮೀನು ಫೈರ್‌ಫಿಶ್ ಕಾಣಲಿಲ್ಲವೆಂದು ಹುಡುಕಿದರೆ ಪಂಪಿನ ಹಿಂದೆ, ನೀರಿನ ಮೇಲ್ಮೈಗೆ ಮೂತಿ ತಾಗಿಸಿಕೊಂಡು ನಿಂತಿದೆ. ಬಾಲದ ತುದಿ ಹರಿದಿದೆ. (ವಿಡಿಯೊ)

ಅಣ್ಣ: ಎರಡು ಬೆರಳಗಲದ ಮೀನು ಇಷ್ಟೆಲ್ಲ ಮಾಡುತ್ತದೆಯೇ? ಪಂಪಿಗೆ ಸಿಕ್ಕಿ ಹರಿದಿರಬೇಕು. ಅಂಗಡಿಯವನು ಗಟ್ಟಿ ಮೀನು, ಏನೂ ಆಗುವುದಿಲ್ಲ ಎಂದ.

ನಾನು: ಅದಕ್ಕೆ ಏನೂ ಆಗುವುದಿಲ್ಲ, ನಿಜ. ಉಳಿದವುಗಳಿಗೆ ಏನಾಗುತ್ತದೆ ಎಂದು ನೀನು ಕೇಳಲಿಲ್ಲ, ಅವನು ಹೇಳಲಿಲ್ಲ.

ಅಣ್ಣ: ನೋಡು, ಸಮುದ್ರದಲ್ಲಿ ಇದೇ ಮೀನು ಕ್ಲೌನ್ ಮೀನಿನ ಜೊತೆ ಒಂದೇ ಅನಿಮೋನ್‌ನಲ್ಲಿ (ಬಂಡೆಗೆ ಅಂಟಿಕೊಂಡಿರುವ ಹೂವಿನಂಥ ಕಡಲ ಜೀವಿ) ಇರುವ ವಿಡಿಯೊ ನನ್ನ ಬಳಿ ಇದೆ. ಎರಡೂ ಒಂದೇ ವಂಶದವು ಎಂದೂ ಓದಿದೆ. ಸಂಬಂಧಿಕರು ಹೊಂದಿಕೊಳ್ಳುವುದಿಲ್ಲವೇ?

ಮಲ್ಪೆ ಮಾವ: ಸಂಬಂಧಿಕರೋ ದಾಯಾದಿಗಳೋ? 😄

ನಾನು: ಮಾವ ಹೇಳಿದ್ದೇ ಸರಿ. ಅನಿಮೋನ್‌ನಲ್ಲಿ ಇರುವುದು ಇದರ ಮರಿಗಳು, ಅಣ್ಣ. ಬೆಳೆದ ಮೇಲೆ ಅನಿಮೋನ್ ಬಿಟ್ಟು ಬಂಡೆಯ ಕಡೆಗೆ ಹೋಗುತ್ತವೆ. ಆಗ ಚುಕ್ಕೆಗಳು ಮಾಸುತ್ತವೆ, ಗಾತ್ರ ಅಂಗೈಯಷ್ಟಾಗುತ್ತದೆ, ಜಗಳಗಂಟತನ ಮಾತ್ರ ಕಡಿಮೆಯಾಗುವುದಿಲ್ಲ. ಚುಕ್ಕೆಗೆ ಮರುಳಾಗಿ ಕೊಂಡವರೆಲ್ಲ ಮುಂದೆ ಅದನ್ನು ಯಾರಿಗೆ ದಾಟಿಸುವುದೆಂದು ಒದ್ದಾಡುತ್ತಾರೆ.

ದುಬೈ ಚಿಕ್ಕಪ್ಪ: ಇಲ್ಲಿ ದುಬೈ ಮಾಲ್‌ನ ಅಕ್ವೇರಿಯಂನಲ್ಲಿ ಶಾರ್ಕ್, ತೊರಕೆ, ಸಣ್ಣ ಮೀನು ಎಲ್ಲ ಒಂದೇ ಗಾಜಿನೊಳಗೆ ತಿರುಗುತ್ತವೆ. ಹೊಟ್ಟೆ ತುಂಬ ಹಾಕಿದರೆ ಯಾವುದೂ ಯಾರ ತಂಟೆಗೂ ಹೋಗುವುದಿಲ್ಲ.

ನಾನು: ಚಿಕ್ಕಪ್ಪ, ಅದರಲ್ಲಿ ಇರುವುದು ಒಂದು ಕೋಟಿ ಲೀಟರ್ ನೀರು. ನಮ್ಮದು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಲೆಕ್ಕಕ್ಕೆ 340 ಲೀಟರ್. ಕಲ್ಲು, ಮರಳು ಕಳೆದರೆ ಇನ್ನೂ ಕಡಿಮೆ. ಊಟ ಹೆಚ್ಚು ಹಾಕಿದರೆ ಶಾರ್ಕ್ ಸುಮ್ಮನಿರಬಹುದು, ಏಕೆಂದರೆ ಅದರ ಜಗಳ ಹೊಟ್ಟೆಯದು. ಡ್ಯಾಮ್ಸೆಲ್‌ನ ಜಗಳ ಜಾಗದ್ದು. ಸಮುದ್ರದಲ್ಲಿ ಸೋತ ಮೀನು ಹತ್ತು ಮಾರು ಆಚೆ ಹೋಗಿ ಇನ್ನೊಂದು ಬಂಡೆ ಹುಡುಕಿಕೊಳ್ಳುತ್ತದೆ. ಇಲ್ಲಿ ಹೋಗುವುದು ಎಲ್ಲಿಗೆ? ಗೆದ್ದ ಮೀನಿಗೂ ಸೋತದ್ದು ಹಗಲಿಡೀ ಕಣ್ಣೆದುರೇ ಇರುತ್ತದೆ, ಹಾಗಾಗಿ ಅಟ್ಟಾಡಿಸುವುದು ನಿಲ್ಲುವುದೇ ಇಲ್ಲ. ಫೈರ್‌ಫಿಶ್ ಹೆದರಿದರೆ ಮೇಲಕ್ಕೆ ಹಾರುವ ಜಾತಿ ಬೇರೆ. ಜಾಲರಿಯ ಮುಚ್ಚಳ ಇಲ್ಲದಿದ್ದರೆ ಈ ಹೊತ್ತಿಗೆ ಚಾವಡಿಯ ನೆಲದ ಮೇಲೆ ಒಣಗಿರುತ್ತಿತ್ತು.

ಅಮ್ಮ: ಕರಿಯನಿಗೆ ನಾನು ಬೆಳಿಗ್ಗೆ ಎರಡು ಸಲ ಹಾಕಿದೆ. ಎಲ್ಲವನ್ನೂ ಅದೇ ತಿಂದಿತು.

ನಾನು: ಅಮ್ಮ, ದಯವಿಟ್ಟು ಇನ್ನು ಹಾಕಬೇಡಿ. ಉಳಿದದ್ದು ಕೊಳೆತರೆ ನೀರಿನಲ್ಲಿ ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ.

ಮಲ್ಪೆ ಮಾವ: ಇಷ್ಟು ಗಲಾಟೆಯ ನಡುವೆ ಹೇಳುವುದೋ ಬೇಡವೋ. ಇವತ್ತು ಬೋಟಿನವರು ಒಂದು ಸಣ್ಣ ಕಾರ್ಗಿಲ್ ಮೀನನ್ನು ಜೀವಂತ ತಂದಿದ್ದಾರೆ. ನೀಲಿ ಬಣ್ಣ, ಕವಲು ಬಾಲ. ಬಕೆಟ್‌ನಲ್ಲಿ ಇಟ್ಟಿದ್ದೇನೆ. ನಿಮ್ಮ ಕರಿಯನಿಗೆ ಇದೇ ಸರಿಯಾದ ಜೋಡಿ.

ಅಣ್ಣ: ಹಾಂ! ಟ್ರಿಗರ್ ಮೀನು! ಮಾವ, ಇರಲಿ, ಇರಲಿ.

ನಾನು: ಮಾವ, ನೀವೂ ಶುರು ಮಾಡಿದಿರಾ? ಟ್ರಿಗರ್‌ಗಳಲ್ಲಿ ಅದು ಸಾಧುವೇ, ಒಪ್ಪುತ್ತೇನೆ; ನೀರಿನ ನಡುವೆ ತೇಲಿಬರುವ ಸಣ್ಣ ಜೀವಿಗಳನ್ನು ತಿಂದುಕೊಂಡು ಗುಂಪಿನಲ್ಲಿ ಇರುವ ಮೀನು. ಆದರೆ ಅದು ಅರ್ಧ ಮೀಟರ್‌ವರೆಗೂ ಬೆಳೆಯುತ್ತದೆ. ತೊಟ್ಟಿಯ ಅಗಲವೇ ಒಂದೂವರೆ ಅಡಿ, ತಿರುಗುವುದು ಹೇಗೆ? ನಮ್ಮ ಸೀಗಡಿ, ಬಸವನಹುಳ, ಸನ್ಯಾಸಿ ಏಡಿ ಯಾವುದೂ ಅದರ ಹಲ್ಲಿಗೆ ಉಳಿಯುವುದಿಲ್ಲ.

ಮಲ್ಪೆ ಮಾವ: ಹಲ್ಲು ಹೌದು, ಕೆಂಪು ಹಲ್ಲು. ಬೆನ್ನಿನ ಮುಳ್ಳು ಇನ್ನೂ ಮೋಸ. ಎಬ್ಬಿಸಿ ನಿಲ್ಲಿಸಿತೆಂದರೆ ಬಲೆಯ ಕಣ್ಣಿನಿಂದ ಬಿಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಹಿಂದಿನ ಸಣ್ಣ ಮುಳ್ಳನ್ನು ಒತ್ತಿದರೆ ಮಾತ್ರ ಮುಂದಿನದು ಮಲಗುತ್ತದೆ. ಬಲೆ ತುಂಬ ಬಂದರೂ ತಿನ್ನುವವರು ಕಡಿಮೆ, ಫಿಶ್‌ಮೀಲ್‌ಗೆ, ಅಂದರೆ ಮೀನಿನ ಪುಡಿಗೆ ಹೋಗುತ್ತದೆ. ಒಂದಾದರೂ ಬದುಕಲಿ ಎಂದು ಕೇಳಿದೆ, ಅಷ್ಟೇ.

ಅಣ್ಣ: ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ತೊಟ್ಟಿಗೆ ಎಲ್ಲರೂ ಹಣ ಹಾಕಿದ್ದೇವೆ. ಕ್ಲೌನ್ ಜೋಡಿ, ಕ್ರೋಮಿಸ್ ಮೀನುಗಳು, ಸೀಗಡಿ, ಎಲ್ಲವನ್ನೂ ಆರಿಸಿದವಳು ನೀನೇ. ನನ್ನ ಪಾಲಿಗೆ ಒಂದು ಮೀನು ತರುವ ಹಕ್ಕೂ ಇಲ್ಲವೇ?

ಅತ್ತಿಗೆ: ಅದು ನ್ಯಾಯವಾದ ಪ್ರಶ್ನೆ.

ನಾನು: ನ್ಯಾಯವೇ. ಹಾಗಾದರೆ ಪ್ರತಿ ವಾರ ನೀರು ಬದಲಿಸಿ, ಉಪ್ಪಿನ ಸಾಂದ್ರತೆ 1.025ಕ್ಕೆ ತರುವ ಪಾಲೂ ಹಂಚಿಕೆಯಾಗಲಿ. ಜಗಳಗಂಟ ಮೀನು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಕ್ಲೌನ್ ಹೆಣ್ಣೇನು ಕಡಿಮೆಯೇ, ಗಾಜು ಒರೆಸಲು ಹೋದರೆ ಕೈಗೆ ಬಂದು ಗುದ್ದುತ್ತದೆ. ಆದರೆ ಅದು ಹಿಡಿದಿರುವುದು ಒಂದು ಮೂಲೆ ಮಾತ್ರ. ಸಾಧುಗಳು ಮೊದಲು ಬಂದು ನೆಲೆ ಊರಬೇಕು, ಜೋರಿನವು ಕೊನೆಗೆ ಬರಬೇಕು. ಅದೂ ತೂತಿನ ಡಬ್ಬಿಯೊಳಗೆ ಕೆಲವು ದಿನ ತೇಲಿ, ಒಬ್ಬರನ್ನೊಬ್ಬರು ನೋಡಿ ಅಭ್ಯಾಸವಾದ ಮೇಲೆ. ಫೈರ್‌ಫಿಶ್ ಬಂದು ಇನ್ನೂ ವಾರ ತುಂಬಿಲ್ಲ. ಬಿಲವನ್ನೇ ಗೊತ್ತು ಮಾಡಿಕೊಂಡಿರಲಿಲ್ಲ.

ದುಬೈ ಚಿಕ್ಕಪ್ಪ: ಅಡಗುವ ಜಾಗ ಹೆಚ್ಚಿಸಿದರೆ ಆಯಿತಲ್ಲ. ಮುರುಡೇಶ್ವರದ ಕಡೆ ಯಾರಿಗಾದರೂ ಹೇಳಿ ನೇತ್ರಾಣಿ ದ್ವೀಪದಿಂದ ಒಂದೆರಡು ಹವಳದ ಕಲ್ಲು ತರಿಸಿ.

ನಾನು: ಚಿಕ್ಕಪ್ಪ! ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಯ ಸಾಲಿನಲ್ಲಿ. ಗುಂಪಿನಲ್ಲಿ ಬರೆದದ್ದನ್ನು ಅಳಿಸಿಬಿಡಿ.

ದುಬೈ ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ.

ಅಣ್ಣ: ಸರಿ, ಕಲ್ಲುಗಳ ಜಾಗ ಬದಲಿಸಿ ನೋಡು. ಆಗ ಎಲ್ಲವೂ ಹೊಸಬರಾಗುತ್ತವೆ ಎನ್ನುತ್ತಾರಲ್ಲ?

ನಾನು: ಮಧ್ಯಾಹ್ನವೇ ಬದಲಿಸಿದೆ, ದೀಪವನ್ನೂ ಆರಿಸಿದೆ. ಒಂದು ಗಂಟೆ ಶಾಂತಿ. ಆಮೇಲೆ ಕರಿಯ ಹೊಸ ಗುಹೆಯನ್ನು ಹಿಡಿದುಕೊಂಡು ಕ್ರೋಮಿಸ್‌ಗಳ ಮೇಲೂ ಏರಿಹೋಯಿತು. ಅವು ಐದೂ ಈಗ ಒಂದೇ ಮೂಲೆಯಲ್ಲಿವೆ.

ಅಮ್ಮ: ಅದಿರುವ ತನಕ ನನಗೆ ನೋಡುವುದಕ್ಕೇ ಆಗುವುದಿಲ್ಲ. ಮಗಾ, ತೆಗೆದುಕೊಂಡು ಹೋಗು.

ಅಣ್ಣ: ಅಮ್ಮನೂ ಹೇಳಿದ ಮೇಲೆ ಇನ್ನೇನು. ಶನಿವಾರ ಬರುತ್ತೇನೆ. ಅಂಗಡಿಯವನು ಮರಳಿ ತೆಗೆದುಕೊಳ್ಳುತ್ತಾನಂತೆ, ಬದಲಿಗೆ ಏನು ಬೇಕೋ ನೀನೇ ಹೇಳು. ಆದರೆ ಆ ಕಲ್ಲುಗಳ ಸಂದಿಯಲ್ಲಿ ಅದನ್ನು ಹಿಡಿಯುವುದು ಹೇಗೆ?

ನಾನು: ಬಲೆ ಹಾಕಿದರೆ ಉಳಿದವೂ ಗಾಬರಿಯಾಗುತ್ತವೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗಾಗಿ ಅದರ ಬಾಯಿಗೇ ಸಿಕ್ಕಿಸಿ, ಒಳಗೆ ಸೀಗಡಿ ಚೂರು ಇಡಬೇಕು. ಊಟಕ್ಕೆ ಮೊದಲು ನುಗ್ಗುವುದು ಅದೇ ತಾನೇ. ಶುಕ್ರವಾರ ಅಮ್ಮ ಏನೂ ಹಾಕಬಾರದು.

ಮಲ್ಪೆ ಮಾವ: ಸೀಗಡಿ ನಾನು ಕಳುಹಿಸುತ್ತೇನೆ. ಕಾರ್ಗಿಲ್‌ನ ಬಕೆಟ್ ಈಗಷ್ಟೇ ದಕ್ಕೆಯಿಂದ ನೀರಿಗೆ ಬಗ್ಗಿಸಿ ಬಂದೆ.