ಬ್ಯಾಂಡ್ ಕಟ್ಟಿಕೊಂಡು ಶುರುವಾದ ನಡಿಗೆ: ಧರ್ಮಸ್ಥಳದವರೆಗೆ ಹೋಗಬಹುದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 48 ವರ್ಷ. ಹಾಸನದಲ್ಲಿ ಬಟ್ಟೆ ಅಂಗಡಿ ಇದೆ. ದೀಪಾವಳಿಗೆ ಮಗಳು ಸ್ಮಾರ್ಟ್ ಬ್ಯಾಂಡ್ ಕೊಡಿಸಿದಳು. ಮೊದಮೊದಲು ಹತ್ತು ಸಾವಿರ ಹೆಜ್ಜೆ ತುಂಬಿಸಲು ರಾತ್ರಿ ಹಾಲ್‌ನಲ್ಲೇ ಸುತ್ತು ಹೊಡೆಯುತ್ತಿದ್ದೆ, ಮನೆಯವರು ನಗುತ್ತಿದ್ದರು. ಈಗ ಭಾನುವಾರ ಬಂತೆಂದರೆ ಕಾಲು ಸುಮ್ನೆ ಕೂರುವುದಿಲ್ಲ. ಹನ್ನೆರಡು ಕಿಲೋಮೀಟರ್ ಆರಾಮಾಗಿ ನಡೆಯುತ್ತೇನೆ. ಶಿವರಾತ್ರಿಗೆ ಗೆಳೆಯರ ಜೊತೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವ ಆಸೆ. ಎರಡು ತಿಂಗಳಿದೆ. ದಿನಕ್ಕೆ ಎಷ್ಟು ಹೆಜ್ಜೆ ಆದರೆ ಧೈರ್ಯವಾಗಿ ಹೊರಡಬಹುದು?

ಉತ್ತರ (ಫಿಸಿಯೋಥೆರಪಿಸ್ಟ್): ಸರ್, ಬ್ಯಾಂಡ್ ನಿಮ್ಮನ್ನು ಹಾಲ್‌ನಿಂದ ರಸ್ತೆಗೆ ತಂದಿತಲ್ಲ, ದೊಡ್ಡ ಕೆಲಸ ಅದೇ. ಇನ್ನು ಮುಂದೆ ಹೆಜ್ಜೆ ಲೆಕ್ಕ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಆ ಹತ್ತು ಸಾವಿರ ಡಾಕ್ಟರುಗಳು ಬರೆದುಕೊಟ್ಟ ಲೆಕ್ಕವೂ ಅಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ಸಂಖ್ಯೆ.

ನೀವು ನೋಡಬೇಕಾದದ್ದು ಒಂದೇ ಸಲಕ್ಕೆ ಎಷ್ಟು ಗಂಟೆ ನಡೆಯುತ್ತೀರಿ ಅನ್ನುವುದು. ಭಾನುವಾರದ ನಡಿಗೆಯನ್ನು ಪ್ರತಿ ವಾರ ಒಂದೆರಡು ಕಿಲೋಮೀಟರ್ ಹೆಚ್ಚಿಸಿ. ಮೂರು ವಾರ ಏರಿಸಿದರೆ ನಾಲ್ಕನೇ ವಾರ ಇಳಿಸಿ. ಆಮೇಲೆ ಶನಿವಾರವೂ ನಡೆದು ಭಾನುವಾರವೂ ನಡೆಯಿರಿ. ದಣಿದ ಕಾಲಲ್ಲಿ ಮರುದಿನ ಹೊರಡುವುದೇ ಪಾದಯಾತ್ರೆಯ ನಿಜವಾದ ಕಷ್ಟ.

ಇನ್ನು ಘಾಟಿ. ಕೊಟ್ಟಿಗೆಹಾರ ದಾಟಿದ ಮೇಲೆ ಪೂರ್ತಿ ಇಳಿಜಾರು. ಇಳಿಯುವುದು ಸುಲಭ ಅಂದುಕೊಳ್ಳುತ್ತಾರೆ, ಏದುಸಿರು ಬರುವುದಿಲ್ಲ ನೋಡಿ. ಆದರೆ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಿಡಿಯಬೇಕು. ಅದು ಸೋತರೆ ಭಾರವೆಲ್ಲ ಮಂಡಿಗೆ. ವಾರಕ್ಕೆರಡು ದಿನ ಮೆಟ್ಟಿಲು ಹತ್ತಿ, ಮುಖ್ಯವಾಗಿ ನಿಧಾನವಾಗಿ ಇಳಿದು ಅಭ್ಯಾಸ ಮಾಡಿ. ಬೆರಳ ಮುಂದೆ ಅರ್ಧ ಇಂಚು ಜಾಗ ಇರುವ ಶೂ ಹಾಕಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಹೊಸ ಶೂ ಅಂದೇ ಹಾಕಬೇಡಿ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚಿದರೆ ನಡಿಗೆ ಕಮ್ಮಿ ಮಾಡಿ ತೋರಿಸಿಕೊಳ್ಳಿ.

ಇನ್ನೊಬ್ಬ ಸದಸ್ಯರು: ನನ್ನ ಬ್ಯಾಂಡ್ ಫೋನಿಗಿಂತ ಜಾಸ್ತಿ ದೂರ ತೋರಿಸುತ್ತದೆ. ಯಾವುದನ್ನು ನಂಬಲಿ?

ಉತ್ತರ: ಜಿಪಿಎಸ್ ಆನ್ ಮಾಡಿದ್ದರೆ ಫೋನನ್ನು. ಜಿಪಿಎಸ್ ಇಲ್ಲದ ಬ್ಯಾಂಡ್ ಸಾಮಾನ್ಯವಾಗಿ ನಿಮ್ಮ ಎತ್ತರದಿಂದ ಹೆಜ್ಜೆಯ ಅಳತೆ ಊಹಿಸಿ ಗುಣಿಸುತ್ತದೆ. ಸುಸ್ತಾದಾಗ ಹೆಜ್ಜೆ ಚಿಕ್ಕದಾಗುತ್ತದೆ, ಅದು ಅದಕ್ಕೆ ತಿಳಿಯುವುದಿಲ್ಲ. ಕೈಯನ್ನು ಜೇಬಿನಲ್ಲಿಟ್ಟು ನಡೆದರೆ ಉಲ್ಟಾ, ಎಷ್ಟೋ ಹೆಜ್ಜೆ ಲೆಕ್ಕಕ್ಕೇ ಬರುವುದಿಲ್ಲ.

ಮತ್ತೊಬ್ಬ ಸದಸ್ಯರು: ಮೇಡಂ, ನಮ್ಮ ಅಮ್ಮನಿಗೆ ಶುಗರ್ ಇದೆ. ಬರಿಗಾಲಲ್ಲಿ ನಡೆಯುವ ಹರಕೆ ಹೊತ್ತಿದ್ದಾರೆ. ದಿನಾ ಏಳೆಂಟು ಸಾವಿರ ಹೆಜ್ಜೆ ನಡೆಯುತ್ತಾರೆ.

ಉತ್ತರ: ಬರಿಗಾಲು ಬೇಡವೇ ಬೇಡ. ಶುಗರ್‌ನಿಂದ ಪಾದದ ಸ್ಪರ್ಶ ಮಂಕಾಗಿದ್ದರೆ ಬಿಸಿ ಟಾರಿನಲ್ಲಿ ಗುಳ್ಳೆ ಎದ್ದರೂ ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಮೊದಲು ಡಾಕ್ಟರಿಗೆ ಪಾದ ತೋರಿಸಿ. ನಡೆಯುವ ದಿನಗಳಲ್ಲಿ ಮಾತ್ರೆ, ಊಟದ ಹೊತ್ತು ಹೇಗಿರಬೇಕು ಅಂತಲೂ ಕೇಳಿ. ಅವರು ಒಪ್ಪಿದರೆ ಶೂ, ಸಾಕ್ಸ್ ಹಾಕಿಸಿ. ಪ್ರತಿ ಸಲ ಕೂತಾಗ ಅಂಗಾಲು ನೀವೇ ನೋಡಿ, ಅವರನ್ನು ಕೇಳಿದರೆ "ಏನೂ ಆಗಿಲ್ಲ" ಅಂತಲೇ ಹೇಳುತ್ತಾರೆ. ಹರಕೆ ವಿಷಯ ಅರ್ಚಕರ ಹತ್ತಿರ ಮಾತಾಡಿ.