ಪುಟ್ಟಿ, ಒಂದು ದಿನವೂ ಬಿಡಬೇಡ

ಪುಟ್ಟಿ, ನೀನು ಬೆಳಗ್ಗೆ ಗ್ರೂಪಲ್ಲಿ ಕೇಳಿದ್ದನ್ನು ಈಗ ನೋಡಿದೆ. ಮಗನ ರಕ್ತದ ಕ್ಯಾನ್ಸರಿಗೆ ಮಾಡಿಸಿದ ಬೋನ್ ಮ್ಯಾರೋ (ಮೂಳೆ ಮಜ್ಜೆ) ರಿಪೋರ್ಟ್ ಕ್ಲೀನ್ ಬಂದಿದೆ, ಇನ್ನೂ ಎರಡು ವರ್ಷ ಮಾತ್ರೆ ಯಾಕೆ, ವಾಂತಿ ಮಾಡ್ತಾನೆ, ಸ್ವಲ್ಪ ದಿನ ಬಿಟ್ಟರೆ ಏನಾಗುತ್ತೆ ಅಂತ. ಬಿಡಬೇಡ ಮಗಾ. ಡಾಕ್ಟರ್ ಹೇಳದೆ ಒಂದು ದಿನವೂ ಬಿಡಬೇಡ.

ನನ್ನ ತಮ್ಮ, ನಿನ್ನ ಸಣ್ಣಮಾವನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಆದರೆ ಅಟ್ಟದ ಮೇಲೆ ಸಿಕ್ಕಿದ್ದನ್ನು ನಾನು ಯಾರಿಗೂ ಹೇಳಿಲ್ಲ. ಅವನದು ಸಿಎಂಎಲ್, ರಕ್ತದ ಕ್ಯಾನ್ಸರಲ್ಲೇ ನಿಧಾನದ ಜಾತಿ. ನಿನ್ನ ಮಗನದು ಎಎಲ್‌ಎಲ್, ಬೇಗ ಬೆಳೆಯುವ ಜಾತಿ, ಔಷಧಿಯೂ ಬೇರೆ. ತಮ್ಮನಿಗೆ ದಿನಾ ಇಮಾಟಿನಿಬ್ ಮಾತ್ರೆ, 400 ಮಿಲಿಗ್ರಾಂ. ರಕ್ತದ ಕೌಂಟ್ ಬೇಗ ಸರಿ ಬಂತು. ಆದರೆ ಕಣ್ಣಿನ ಸುತ್ತ ಊದುತ್ತಿತ್ತು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಅಡಿಕೆ ಕೊನೆ ಕೊಯ್ಲಿನ ಸಮಯ. ತೋಟ ಹತ್ತಿ ಇಳಿಯಲು ಆಗುವುದಿಲ್ಲ ಅಂತ ದಿನ ಬಿಟ್ಟು ದಿನ ನುಂಗಲು ಶುರು ಮಾಡಿದ. ಎಂಟು ತಿಂಗಳು! ಮಾತ್ರೆ ತಂದುಕೊಡುತ್ತಿದ್ದವಳು ನಾನು, ನನಗೇ ಗೊತ್ತಾಗಲಿಲ್ಲ. ಎಡಪಕ್ಕೆಯಲ್ಲಿ ಗುಲ್ಮ ಗಟ್ಟಿಯಾಗಿ ಕೈಗೆ ಸಿಗುವಷ್ಟಾದ ಮೇಲೆ ಒಂದು ದಿನ ಅಟ್ಟದ ಮೇಲಿನ ಹಾಳೆಟೊಪ್ಪಿ ಎತ್ತಿದೆ. ಒಳಗೆ 12 ಸ್ಟ್ರಿಪ್. ಒಂದೂ ಒಡೆದಿಲ್ಲ. ಅಡಿಕೆ ಸಿಪ್ಪೆಯ ಧೂಳು ಕೂತಿತ್ತು. ಎಣಿಸುತ್ತಾ ಅಲ್ಲೇ ಕೂತುಬಿಟ್ಟೆ.

ಡಾಕ್ಟರ್ ಚೀಟಿಯ ಹಿಂದೆ ಗೀಚಿ ತೋರಿಸಿದರು. ನಿನ್ನ ಮಗನಂಥ ಕಾಯಿಲೆ ಗೊತ್ತಾಗುವಾಗ ಮೈಯಲ್ಲಿ ಒಂದು ಲಕ್ಷ ಕೋಟಿ ಕೆಟ್ಟ ಕಣ ಇರಬಹುದಂತೆ. ಮೈಕ್ರೋಸ್ಕೋಪಲ್ಲಿ ಕ್ಲೀನ್ ಅಂದಾಗಲೂ ಸಾವಿರ ಕೋಟಿಯವರೆಗೆ ಉಳಿದಿರಬಹುದು. ಅಷ್ಟೊಂದು ಕಣಗಳಲ್ಲಿ ಎಲ್ಲೋ ನಾಲ್ಕಾರು ಮೊದಲೇ ಬದಲಾಗಿರುತ್ತವೆ. ಕೆಲವು ಒಳಗೆ ಬಂದ ಔಷಧಿಯನ್ನು ಮೋಟಾರ್ ಇಟ್ಟ ಹಾಗೆ ಹೊರಗೆ ತಳ್ಳುತ್ತವೆ. ಕೆಲವು ಮೂಳೆಯೊಳಗೆ ಸುಮ್ನೆ ಮಲಗಿರುತ್ತವೆ, ಕೀಮೋ ಹೊಡೆಯುವುದು ಜಾಸ್ತಿ ಎದ್ದು ಬೆಳೆಯುವವನ್ನೇ ಅಲ್ವಾ. ನಿನ್ನ ಮಗ ನುಂಗುವ ಮರ್ಕ್ಯಾಪ್ಟೊಪ್ಯೂರಿನ್ ಅನ್ನೇ ಕೆಡಿಸಿ ಹಾಕುವ ಕಣಗಳೂ ಇವೆ. ತಮ್ಮನ ರಿಪೋರ್ಟಲ್ಲಿ ಟಿ315ಐ ಅಂತಿತ್ತು, ಕೆಟ್ಟ ಕಣದ ಜೀನಲ್ಲಿ ಆಗುವ ಒಂದು ಬದಲಾವಣೆ. ಮಾತ್ರೆ ಹೋಗಿ ಕೂರುವ ಜಾಗದ ಆಕಾರವೇ ಬದಲಾಗಿತ್ತು. ಇಮಾಟಿನಿಬ್ ಅಷ್ಟೇ ಅಲ್ಲ, ಅದರ ಮುಂದಿನ ಡಸಾಟಿನಿಬ್, ನಿಲೋಟಿನಿಬ್ ಕೂಡ ಅಲ್ಲಿ ನಾಟುವುದಿಲ್ಲ. ಮಾತ್ರೆ ಬಿಟ್ಟಿದ್ದರಿಂದಲೇ ಅದು ಹುಟ್ಟಿತು ಅಂತ ಡಾಕ್ಟರ್ ಹೇಳಲಿಲ್ಲ. ಹುಟ್ಟಿದ್ದಕ್ಕೆ ಬೆಳೆಯಲು ಜಾಗ ಬಿಟ್ಟುಕೊಟ್ಟ ಹಾಗಾಯಿತು ಅಂದರು. ಆಮೇಲೆ ಎರಡು ಮಳೆಗಾಲ ಕಳೆಯಲಿಲ್ಲ ಅವನು.

ಅದಕ್ಕೇ ಮತ್ತೆ ಹೇಳುತ್ತೇನೆ, ಡಾಕ್ಟರ್ ಹೇಳದೆ ಒಂದು ದಿನವೂ ಬಿಡಬೇಡ.

ರಿಪೋರ್ಟ್ ಚೆನ್ನಾಗಿದೆಯಲ್ಲ, ಮಾತ್ರೆ ತಿಂದು ಮೈ ಯಾಕೆ ಸುಡ್ತೀಯ ಅಂತ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ತಮ್ಮನಿಗೆ ಹೇಳಿದವರು ಈ ಗ್ರೂಪಲ್ಲೇ ಇದ್ದಾರೆ. ಹೆಸರು ಬೇಡ. ಅವನಿಗೆ ಪ್ಲೇಟ್‌ಲೆಟ್ ಬೇಕು ಅಂತ ನಾನು ರಾತ್ರಿ ಹತ್ತಕ್ಕೆ ಇಲ್ಲೇ ಹಾಕಿದಾಗ ಇಪ್ಪತ್ತು ಜನ ಕೈ ಮುಗಿಯುವ ಚಿತ್ರ ಹಾಕಿದರು. ಬಂದು ಕೊಟ್ಟವರು ಇಬ್ಬರು. ಅದರಲ್ಲಿ ಒಬ್ಬ ನಮ್ಮ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಮಗ, ನೆಂಟನೂ ಅಲ್ಲ. ಆ ನೋವು ನನಗೆ ಇನ್ನೂ ಹೋಗಿಲ್ಲ. ಈ ಮಗುವಿಗೆ ಹಾಗಾಗಬಾರದು.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ವಾಂತಿ ಆಗುವುದನ್ನು ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಹೇಳು, ಅದಕ್ಕೆ ಔಷಧಿ ಇದೆ. ಮಾತ್ರೆ ಕಕ್ಕಿದರೆ ಅವರನ್ನು ಕೇಳದೆ ಇನ್ನೊಂದು ಕೊಡಬೇಡ. ಕೌಂಟ್ ಇಳಿದಾಗ ಅವರೇ ಕೆಲವು ದಿನ ನಿಲ್ಲಿಸಬಹುದು, ಅದು ಬೇರೆ ಮಾತು. ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ, ಮರೆತು ದಿನಾ ಕೊಟ್ಟುಬಿಟ್ಟೀಯ, ಜೀವಕ್ಕೇ ಅಪಾಯ. ಆ ದಿನವನ್ನು ಕ್ಯಾಲೆಂಡರಲ್ಲಿ ಕೆಂಪು ಪೆನ್ನಿಂದ ಗುರುತು ಮಾಡು. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡ, ರಾತ್ರಿಯೇ ಶಿವಮೊಗ್ಗಕ್ಕೆ ಹೊರಡು. ಮಳೆ ಹಿಡಿದರೆ ಆಗುಂಬೆ ಘಾಟಿ ಯಾವಾಗ ಬಂದ್ ಆಗುತ್ತದೋ ಗೊತ್ತಿಲ್ಲ, ಮಣಿಪಾಲದಿಂದ ಮುಂದಿನ ತಿಂಗಳ ಮಾತ್ರೆ ಈಗಲೇ ತಂದಿಟ್ಟುಕೋ. ಹಣ ಕಡಿಮೆ ಬಿದ್ದರೆ ಗ್ರೂಪಲ್ಲಿ ಹಾಕಬೇಡ, ನನಗೆ ಫೋನ್ ಮಾಡು. ರಾತ್ರಿ ಮಾತ್ರೆ ಕೊಟ್ಟ ಮೇಲೆ ಒಂದು ಮೆಸೇಜ್ ಹಾಕು, ನಾನು ಎದ್ದಿರುತ್ತೇನೆ.