ವಾಟರ್‌ಜೆಟ್ ಪಕ್ಕದ ಅಲ್ಯೂಮಿನಿಯಂ ಯಾಕೆ ತಿಂದುಹೋಗುತ್ತೆ?

ಕಡಲತಡಿ
ಆಸ್ಟ್ರೇಲಿಯಾದ ಹೆಂಡರ್ಸನ್‌ನಲ್ಲಿ ಆಸ್ಟಲ್ ಕಟ್ಟಿದ ಮೂರೊಡಲಿನ ಫೆರ್ರಿ ಬೆಂಚಿಹಿಗುವಾ ಎಕ್ಸ್‌ಪ್ರೆಸ್ 2005ರಲ್ಲಿ ಕ್ಯಾನರಿ ದ್ವೀಪಗಳಿಗೆ ಹೋಯ್ತು. ಅದೇ ಜಾಡಿನಲ್ಲಿ ಅಮೆರಿಕದ ಮೊಬೀಲ್‌ನಲ್ಲಿ ತಯಾರಾದ ಯುದ್ಧನೌಕೆ ಇಂಡಿಪೆಂಡೆನ್ಸ್ 2010ರಲ್ಲಿ ಸೇವೆಗೆ ಸೇರಿ, 2011ಕ್ಕೇ ವಾಟರ್‌ಜೆಟ್ (ನೀರನ್ನು ಹಿಂದಕ್ಕೆ ಚಿಮ್ಮಿಸಿ ನೌಕೆಯನ್ನು ನೂಕೋ ಯಂತ್ರ) ಹತ್ತಿರ ಸವೆತ ಕಾಣಿಸಿಕೊಂಡಿತು. ಅಲ್ಯೂಮಿನಿಯಂಗೆ ತುಕ್ಕು ಹಿಡಿಯಲ್ಲ ಅಂತಾರಲ್ಲ?

ಆನೋಡ್
ಅದು ತುಕ್ಕಲ್ಲ, ಬ್ಯಾಟರಿ. ಜೆಟ್ಟಿನ ಸ್ಟೀಲು, ಒಡಲಿನ ಅಲ್ಯೂಮಿನಿಯಂ, ನಡುವೆ ಉಪ್ಪುನೀರು: ಕರಗೋದು ಅಲ್ಯೂಮಿನಿಯಮ್ಮೇ. ಆ ನೌಕೆಗೆ ಕ್ಯಾಥೋಡಿಕ್ ರಕ್ಷಣೆಯನ್ನೇ (ಇಂಥ ಸವೆತ ತಡೆಯೋ ವಿದ್ಯುತ್ ಏರ್ಪಾಡು) ಕೊಟ್ಟಿರಲಿಲ್ಲ.

ಎಲ್ಲರೂ ಎಡವೋದು ಬಣ್ಣದಲ್ಲಿ. ಅಲ್ಯೂಮಿನಿಯಂಗೆ ಮಾತ್ರ ಬಣ್ಣ ಬಳಿದು ಸ್ಟೇನ್‌ಲೆಸ್ಸನ್ನು ಹಾಗೇ ಬಿಟ್ಟರೆ, ಬಣ್ಣದಲ್ಲಿ ಉಗುರಿನಷ್ಟು ಗೀರಾದರೂ ದೊಡ್ಡ ಸ್ಟೀಲಿನ ಪೂರ್ತಿ ಕರೆಂಟು ಅಲ್ಲೇ ನುಗ್ಗಿ ಗುಂಡಿ ತೋಡುತ್ತೆ. ಹಾಗಾಗಿ ಮೊದಲು ಬಳಿಯಬೇಕಾದ್ದು ಸ್ಟೀಲಿಗೆ. ತಾಮ್ರ ಇರೋ ಆಂಟಿಫೌಲಿಂಗ್ (ಪಾಚಿ, ಚಿಪ್ಪು ಅಂಟದಂತೆ ಬಳಿಯೋ ಬಣ್ಣ) ಹತ್ತಿರಕ್ಕೂ ತರಬೇಡಿ.

ಆಮೇಲೆ ಸ್ಟೀಲು, ಅಲ್ಯೂಮಿನಿಯಂ ನಡುವೆ ಕರೆಂಟು ದಾಟದಂತೆ ಇನ್ಸುಲೇಶನ್: ಜೋಡಿಸೋ ಫ್ಲೇಂಜಿಗೆ ಗ್ಯಾಸ್ಕೆಟ್, ಬೋಲ್ಟಿಗೆ ಇನ್ಸುಲೇಟಿಂಗ್ ಬುಶ್, ಬೋಲ್ಟಿನ ತಲೆಯಡಿ ಇನ್ಸುಲೇಟಿಂಗ್ ವಾಷರ್. ಇಷ್ಟು ಮಾಡಿ ಹೈಡ್ರಾಲಿಕ್ ಪೈಪನ್ನು ಮರೆತರೆ ಕರೆಂಟು ಅದರ ಮೇಲೇ ದಾಟುತ್ತೆ. ಶಾಫ್ಟ್, ಗೇರ್‌ಬಾಕ್ಸ್ ಕೂಡ ಅಂಥದ್ದೇ ಕಳ್ಳದಾರಿ. ಅದಕ್ಕೇ ಇನ್ಸುಲೇಶನ್ ನಂಬಿ ಆನೋಡ್ (ಒಡಲಿನ ಬದಲು ತಾನು ಕರಗೋ ಲೋಹದ ತುಂಡು) ಬಿಡಬಾರದು. ಸತು ಇಲ್ಲವೇ ಅಲ್ಯೂಮಿನಿಯಂ-ಇಂಡಿಯಂ ಸರಿ. ಮೆಗ್ನೀಸಿಯಂ ಬೇಡ: ರಕ್ಷಣೆ ಅತಿಯಾದರೆ ಕ್ಷಾರ ಹುಟ್ಟಿ, ಅದೂ ಅಲ್ಯೂಮಿನಿಯಂ ತಿನ್ನುತ್ತೆ.

ಕಡಲತಡಿ
ಇನ್ಸುಲೇಶನ್ನನ್ನು ಮಲ್ಟಿಮೀಟರಲ್ಲಿ ನೋಡಬಹುದಾ?

ಆನೋಡ್
ನೀರಿಗಿಳಿಸೋ ಮೊದಲು, ಒಣಗಿದ್ದಾಗ ನೋಡಿ. ತೇಲುವಾಗ ಸಮುದ್ರವೇ ಸರ್ಕ್ಯೂಟ್ ಮುಚ್ಚುತ್ತೆ, ರೀಡಿಂಗಿಗೆ ಅರ್ಥವಿಲ್ಲ.

ಟಿಗ್‌ಮಿಗ್
ಬೆಸುಗೆ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ. ಹಡಗಿಗೆ ಬಳಸೋ 5083-ಎಚ್116 ಅನ್ನೋ ಅಲ್ಯೂಮಿನಿಯಂ ಪ್ಲೇಟಿನ ಕನಿಷ್ಠ ಯೀಲ್ಡ್ (ಶಾಶ್ವತವಾಗಿ ಬಾಗೋಕೆ ಶುರುವಾಗೋ ಒತ್ತಡ) 215 ಎಂಪಿಎ (ಮೆಗಾಪಾಸ್ಕಲ್). ಬೆಸುಗೆ ಪಕ್ಕದ ಪಟ್ಟಿಯಲ್ಲಿ ಲೆಕ್ಕಕ್ಕೆ ಸಿಗೋದು ಸುಮಾರು 125. ಪ್ಲೇಟು ಎಷ್ಟು ಗಟ್ಟಿಯಾದರೇನು, ಡಿಸೈನರ್ ಹಿಡಿಯಬೇಕಾದ್ದು ಆ ಪಟ್ಟಿಯ ಬಲವನ್ನೇ.

ಬೆಸುಗೆಯೊಳಗೆ ತೂತು ಬೀಳೋದು ಹೈಡ್ರೋಜನ್‌ನಿಂದ. ಕರಗಿದ ಲೋಹ ಅದನ್ನು ಹೀರಿ, ಹೆಪ್ಪುಗಟ್ಟುವಾಗ ಹೊರಗೆ ಹಾಕುತ್ತೆ. ಗುಳ್ಳೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಮೂಲ ತೇವ, ಎಣ್ಣೆ, ಹಳೇ ಆಕ್ಸೈಡ್. ಮೊದಲು ಅಸಿಟೋನ್, ಆಮೇಲೆ ಸ್ಟೇನ್‌ಲೆಸ್ ಬ್ರಶ್. ತಿರುವುಮುರುವಾದರೆ ಬ್ರಶ್ ಎಣ್ಣೆಯನ್ನು ಲೋಹದೊಳಕ್ಕೇ ಉಜ್ಜುತ್ತೆ. ಸ್ಟೀಲಿಗೆ ಬಳಸಿದ ಬ್ರಶ್ ಅಲ್ಯೂಮಿನಿಯಂ ಶೆಡ್ಡಿಗೆ ಬರಕೂಡದು.

ಸ್ಟೀಲನ್ನು ಅಲ್ಯೂಮಿನಿಯಂಗೆ ನೇರವಾಗಿ ಬೆಸೆಯೋಕಾಗಲ್ಲ, ಜೋಡಿಸೋ ಪದರು ಪೆಡಸಾಗಿ ಒಡೆಯುತ್ತೆ. ನಡುವೆ ಸ್ಫೋಟದಿಂದ ಅಂಟಿಸಿದ ಬೈಮೆಟಲ್ ಪಟ್ಟಿ ಇಡ್ತಾರೆ. ಅದರ ಅಂಟು 300 ಡಿಗ್ರಿ ದಾಟಿದರೆ ಬಿಡಬಹುದು, ಒಂದೇ ಕಡೆ ಎಳೆದು ಬೆಸೆಯಬೇಡಿ.

ಗೊರಕೆಅಲೆ
ಒಂದು ಎಚ್ಚರಿಕೆ: 2022ರಲ್ಲಿ ಸುದ್ದಿಯಾದ ಇಂಡಿಪೆಂಡೆನ್ಸ್ ಸರಣಿಯ ಬಿರುಕುಗಳನ್ನು ಜೆಟ್ ಪಕ್ಕದ ಈ ಸವೆತಕ್ಕೆ ಸೇರಿಸಬೇಡಿ. ಅವು ಬಂದದ್ದು ನೀರಿನ ಗೆರೆಗಿಂತ ಮೇಲೆ, ಒತ್ತಡ ಹೆಚ್ಚಿರೋ ಜಾಗದಲ್ಲಿ. 40 ನಾಟ್ ದಾಟಬಲ್ಲ ನೌಕೆಗಳಲ್ಲಿ ಬಿರುಕು ಬಿಟ್ಟವಕ್ಕೆ ಆಗ 15 ನಾಟ್ ಮಿತಿ ಹಾಕಿದ್ದರು. ಆನೋಡ್ ಎಷ್ಟು ಕಟ್ಟಿದರೂ ಅದು ವಾಸಿಯಾಗಲ್ಲ.